ದೆವ್ವ ಹಳೆಯದಾದರೇನು, ಫೇಡರ್ ಎಷ್ಟಿತ್ತು?

ಪತ್ರ: ಹಾಲಿವುಡ್ಡಿನವರು ಹಳೆಯ ಹಾರರ್ ಚಿತ್ರಗಳ ಗೋರಿ ಅಗೆಯುವುದನ್ನೇ ಕಸುಬು ಮಾಡಿಕೊಂಡಿದ್ದಾರೆ. ‘ಫೈನಲ್ ಡೆಸ್ಟಿನೇಷನ್: ಬ್ಲಡ್‌ಲೈನ್ಸ್’ ನೋಡಿದೆ. ಒಮ್ಮೆಯೂ ಮೈ ಜುಮ್ಮೆನ್ನಲಿಲ್ಲ. ಹೊಸ ಕಥೆ ಹುಟ್ಟದಿದ್ದರೆ ಸುಮ್ಮನಿರಬಾರದೆ?
– ಓದುಗರೊಬ್ಬರು, ಕೆಳಗೋಟೆ, ಚಿತ್ರದುರ್ಗ

ಸಂಪಾದಕರ ಉತ್ತರ: ನಿಮ್ಮ ಸಿಟ್ಟಿನಲ್ಲಿ ಒಂದು ಪಾಲು ನ್ಯಾಯವಿದೆ, ಒಪ್ಪಿದೆವು. ‘ದಿ ಎಕ್ಸಾರ್ಸಿಸ್ಟ್’ ಹೆಸರಿನಲ್ಲಿ ಮೂರು ಹೊಸ ಚಿತ್ರ ತೆಗೆಯುವ ಹಕ್ಕಿಗೆ ಸುಮಾರು 40 ಕೋಟಿ ಡಾಲರ್ ಸುರಿದರೆಂದು ಸುದ್ದಿಯಾಗಿತ್ತು. 2023ರಲ್ಲಿ ಬಂದ ಮೊದಲನೆಯದು ಸಪ್ಪೆಯಾಯಿತು, ಮುಂದಿನದನ್ನು ಕೈಬಿಟ್ಟರು. 1973ರ ಮೂಲದಲ್ಲಿ ನಿರ್ದೇಶಕ ವಿಲಿಯಂ ಫ್ರೀಡ್ಕಿನ್ ಮಲಗುವ ಕೋಣೆಯ ಸೆಟ್ಟನ್ನೇ ಶೀತಲಗೃಹ ಮಾಡಿ, ಉಷ್ಣಾಂಶವನ್ನು ಶೂನ್ಯಕ್ಕಿಂತ ಕೆಳಗಿಳಿಸಿದ್ದರು. ನಟರ ಬಾಯಿಂದ ಬರುವ ಹಬೆ ನಿಜವಾದ ಹಬೆ. ದೀಪಗಳ ಶಾಖಕ್ಕೆ ಕೋಣೆ ಬೆಚ್ಚಗಾದರೆ ಅದು ಕಾಣಿಸದು, ಮತ್ತೆ ತಣಿಸಬೇಕು. ಈಚಿನವರ ದುಡ್ಡೆಲ್ಲ ಹೆಸರಿಗೇ ಖರ್ಚಾಯಿತೋ ಏನೋ.

ಆದರೆ ಅಷ್ಟಕ್ಕೇ ಹಳೆಯದನ್ನು ಮತ್ತೆ ಕಟ್ಟುವುದನ್ನೇ ಬೈಯುವುದು ನಮ್ಮ ಸೀಮೆಯವರಿಗೆ ಒಪ್ಪುವ ಮಾತಲ್ಲ ಸ್ವಾಮಿ. ದಾವಣಗೆರೆಯ ಚಿಂದೋಡಿ ಮನೆತನದ ಕೆ.ಬಿ.ಆರ್. ಡ್ರಾಮಾ ಕಂಪನಿ ಅವೇ ನಾಟಕಗಳನ್ನು ಊರೂರಿಗೆ ಹೊತ್ತು ಆಡಿತು. ಕಥೆ ಗೊತ್ತಿದ್ದವರೇ ಮತ್ತೆ ಟಿಕೆಟ್ ತೆಗೆದುಕೊಂಡರು.

ನೀವು ಬೈದ ಚಿತ್ರವನ್ನೇ ನೋಡೋಣ. 2011ರ ಬಳಿಕ ನಿಂತುಹೋಗಿದ್ದ ಸರಣಿ, 2025ರಲ್ಲಿ ಎದ್ದಿತು. ಇದರಲ್ಲಿ ಮುಖವಾಡದ ಕೊಲೆಗಾರನಿಲ್ಲ. ಕೊಲ್ಲುವುದು ಮನೆಯ ಸಾಮಾನು. ಹಿತ್ತಲಿನ ಊಟದ ದೃಶ್ಯ ನೆನಪಿಸಿಕೊಳ್ಳಿ. ಒಡೆದ ಗಾಜಿನ ಚೂರೊಂದು ಐಸ್ ತುಂಡುಗಳ ನಡುವೆ ಸೇರುತ್ತದೆ. ಮಕ್ಕಳು ಕುಣಿಯುವ ಟ್ರ್ಯಾಂಪೊಲಿನ್ ಕೆಳಗೆ ಹಲ್ಲು ಮೇಲಾದ ಹಲುಬೆ ಬಿದ್ದಿದೆ. ಚೂರು ಯಾರ ಗಂಟಲಿಗೆ, ಹಲ್ಲು ಯಾರ ಪಾದಕ್ಕೆ ಎಂದು ನೀವು ಲೆಕ್ಕ ಹಾಕುತ್ತೀರಿ. ಎರಡೂ ನಿಮ್ಮ ಕಣ್ಣು ಕಟ್ಟಲು ಇಟ್ಟ ಆಮಿಷ, ಸಾವು ಬೇರೆ ಕಡೆಯಿಂದ ಬರುತ್ತದೆ. (ಎಲ್ಲಿಂದ ಎಂದು ಬರೆದು, ನೋಡದವರ ಶಾಪಕ್ಕೆ ಗುರಿಯಾಗಲಾರೆವು.) ಹಳೆಯ ಸರಣಿಯ ಈ ಗಣಿತವನ್ನು ಹೊಸಬರು ಅಚ್ಚುಕಟ್ಟಾಗಿ ಕಲಿತಿದ್ದಾರೆ. ಸರಣಿಗೆ ಗುರುತಾಗಿದ್ದ ಟೋನಿ ಟಾಡ್ ಕಾಯಿಲೆಯಲ್ಲಿದ್ದೇ ನಟಿಸಿದರು. ಅವರ ವಿದಾಯದ ಮಾತನ್ನು ಸ್ವಂತ ಮಾತಿನಲ್ಲೇ ಆಡಿ ಎಂದು ನಿರ್ದೇಶಕರು ಬಿಟ್ಟುಕೊಟ್ಟರು. 2024ರ ನವೆಂಬರಿನಲ್ಲಿ ಅವರು ತೀರಿಕೊಂಡರು, ಚಿತ್ರ ಬಂದದ್ದು ಮರುವರ್ಷ.

ಇದರ ಪಕ್ಕದಲ್ಲಿ 2024ರ ‘ಏಲಿಯನ್: ರೊಮುಲಸ್’ ಇಡಿ. 1986ರ ‘ಏಲಿಯನ್ಸ್’ಗೆ ದುಡಿದ ಕುಶಲಕರ್ಮಿಗಳನ್ನೇ ಮತ್ತೆ ಕರೆಸಿ, ಜೀವಿಗಳ ಬೊಂಬೆ ಮಾಡಿಸಿದರು. ಎದುರಿಗೇ ಲೋಳೆ ಸುರಿಸುವ ಬೊಂಬೆಯನ್ನು ಕಂಡು ನಟ ಹಿಂದೆ ಸರಿಯುವುದಕ್ಕೂ, ಹಸಿರು ಪರದೆ ನೋಡಿ ಹೆದರಿದಂತೆ ಮಾಡುವುದಕ್ಕೂ ಇರುವ ಅಂತರ ಭುಜದಲ್ಲೇ ಕಾಣುತ್ತದೆ. ಅದೇ ಚಿತ್ರದಲ್ಲಿ ಮೊದಲ ‘ಏಲಿಯನ್’ನಲ್ಲಿ ನಟಿಸಿ, 2020ರಲ್ಲೇ ತೀರಿಕೊಂಡ ಇಯಾನ್ ಹೋಮ್ ಮುಖವನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿದರು. ಅದು ಎಷ್ಟು ಅಂಟದೆ ಉಳಿಯಿತೆಂದರೆ, ಮನೆಯಲ್ಲಿ ನೋಡುವ ಆವೃತ್ತಿ ಬರುವಾಗ ಆ ಮುಖವನ್ನು ಮತ್ತೆ ತಿದ್ದಬೇಕಾಯಿತು. ದುರ್ಗದವರಾದ ನಿಮಗೆ ಇದು ಹೊಸದಲ್ಲ. ನಿಮ್ಮ ಕೋಟೆಯಲ್ಲಿ ಪುಟ್ಟಣ್ಣ ಕಣಗಾಲ್ ಚಿತ್ರಿಸಿದ 1972ರ ‘ನಾಗರಹಾವು’ ಹೆಸರನ್ನೇ 2016ರಲ್ಲಿ ಬೇರೊಂದು ಕಥೆಗೆ ಇಟ್ಟು, ಇನ್ನೊಬ್ಬರ ಮೈಗೆ ವಿಷ್ಣುವರ್ಧನ್ ಮುಖ ಹಚ್ಚಿದ್ದರಲ್ಲ. 2018ರಲ್ಲಿ ಹಳೆಯ ‘ನಾಗರಹಾವು’ ಚಿತ್ರವನ್ನೇ ತೊಳೆದು, ಧ್ವನಿ ಸರಿಮಾಡಿ ಬಿಡುಗಡೆ ಮಾಡಿದ್ದು ನಮಗೆ ಹೆಚ್ಚು ಮೆಚ್ಚುಗೆ.

2018ರ ‘ಹ್ಯಾಲೋವೀನ್’ ಇನ್ನೂ ಜಾಣ. ನಡುವಿನ ಉತ್ತರಭಾಗಗಳನ್ನೆಲ್ಲ ಮರೆತು 1978ರ ಮೊದಲ ಚಿತ್ರಕ್ಕೇ ಕೊಂಡಿ ಹಾಕಿ, ಅದನ್ನು ನಿರ್ದೇಶಿಸಿ ಸಂಗೀತವನ್ನೂ ಕೊಟ್ಟಿದ್ದ ಜಾನ್ ಕಾರ್ಪೆಂಟರನ್ನೇ ಸಂಗೀತಕ್ಕೆ ಕರೆದರು. ಅವರ ಪಿಯಾನೊ ಐದರ ಎಣಿಕೆಯಲ್ಲಿ ಓಡುತ್ತದೆ. ಅದರ ಜೊತೆ ತೊಡೆಯ ಮೇಲೆ ಎಂಟರ ಎಣಿಕೆಯ ಆದಿತಾಳ ಹಾಕಿ ನೋಡಿ, ಸಮ (ತಾಳದ ಮೊದಲ ಪೆಟ್ಟು) ಕೈಗೆ ಸಿಗುವುದಿಲ್ಲ. ಹೆದರಿಕೆಯ ಅರ್ಧ ಕೆಲಸ ಅಲ್ಲೇ ಆಯಿತು.

ಈಗ ನಿಮ್ಮನ್ನೊಂದು ಕೇಳಬೇಕು: ‘ಬ್ಲಡ್‌ಲೈನ್ಸ್’ ಚಿತ್ರವನ್ನು ಎಲ್ಲಿ ನೋಡಿದಿರಿ? ಐಸ್‌ನಲ್ಲಿ ಗಾಜು ಕಿಣಿಕ್ಕೆಂದದ್ದು ಕೇಳಿಸಿತೆ? ಟಾಕೀಸಿನ ಡಾಲ್ಬಿ ಧ್ವನಿಪೆಟ್ಟಿಗೆಯ ಫೇಡರ್, ಅಂದರೆ ಸದ್ದು ಏರಿಸಿ ಇಳಿಸುವ ಗುಂಡಿ, 7ರಲ್ಲಿ ಇರಬೇಕೆಂದು ಎಣಿಸಿಯೇ ಧ್ವನಿಮಿಶ್ರಣ ಮಾಡಿರುತ್ತಾರೆ. ದಾವಣಗೆರೆ, ಚಿತ್ರದುರ್ಗ ಎರಡೂ ಊರುಗಳಲ್ಲಿ ನಡೆಯುವುದೇನು? ಜಾಹೀರಾತುಗಳ ಅಬ್ಬರಕ್ಕೆ ಯಾರೋ ಗೊಣಗುತ್ತಾರೆ, ಆಪರೇಟರ್ 4ಕ್ಕೆ ಇಳಿಸುತ್ತಾನೆ, ಚಿತ್ರ ಶುರುವಾದಾಗ ಏರಿಸಲು ಮರೆಯುತ್ತಾನೆ. 7ರಿಂದ 4ಕ್ಕೆ ಇಳಿದರೆ 10 ಡೆಸಿಬಲ್ ಹೋಯಿತು, ಕಿವಿಗೆ ಅದು ಸರಿಸುಮಾರು ಅರ್ಧ. ಗಟ್ಟಿ ಸದ್ದು ಹೇಗೋ ಬದುಕುತ್ತದೆ. ಸಾಯುವುದು ಪಿಸುಮಾತು, ಉಸಿರು, ಬಾಗಿಲ ಕಿರುಗು. ಅವು ಎ.ಸಿ. ಗುಂಯ್‌ಗುಡುವಿಕೆ ಮತ್ತು ಪಕ್ಕದವರ ಮಂಡಕ್ಕಿ ಪೊಟ್ಟಣದ ಕೆಳಗೆ ಮುಳುಗುತ್ತವೆ. ಆ ನಿಶ್ಶಬ್ದ ಕೇಳಿಸದಿದ್ದರೆ, ಮುಂದಿನ ಧಡಲ್ ಬರೀ ಗಲಾಟೆ.

ಬೆಳಕಿನ ಕಥೆಯೂ ಅಷ್ಟೆ. ಪರದೆಯ ಮೇಲೆ 14 ಫುಟ್-ಲ್ಯಾಂಬರ್ಟ್ (ಪರದೆಯ ಹೊಳಪನ್ನು ಅಳೆಯುವ ಮಾನ) ಬೆಳಕು ಬೀಳಬೇಕೆಂಬುದು ಮಾನದಂಡ. 3ಡಿ ಆಟ ಮುಗಿದ ಮೇಲೆ ಎರಡು ಕಣ್ಣಿನ ಚಿತ್ರಗಳನ್ನು ಬೇರ್ಪಡಿಸುವ ಧ್ರುವೀಕರಣದ ಗಾಜನ್ನು ಪ್ರೊಜೆಕ್ಟರ್ ಲೆನ್ಸಿನ ಮುಂದೆಯೇ ಬಿಟ್ಟರೆ ಅದೊಂದೇ ಅರ್ಧಕ್ಕಿಂತ ಹೆಚ್ಚು ನುಂಗುತ್ತದೆ. ಮೇಲೆ ಹಳೆಯ ದೀಪ, ಬೂತಿನ ಕಿಟಕಿಗೆ ಧೂಳು. ಕತ್ತಲ ಮೂಲೆಯಲ್ಲಿ ಏನೋ ನಿಂತಿದೆ ಎಂದು ಛಾಯಾಗ್ರಾಹಕ ತಿಂಗಳುಗಟ್ಟಲೆ ತಲೆಕೆಡಿಸಿಕೊಂಡದ್ದು ನಮಗೆ ಕರಿ ಗೋಡೆಯಾಗಿ ಕಾಣುತ್ತದೆ. ಸಾಲದ್ದಕ್ಕೆ, ಮಧ್ಯಂತರವೇ ಇಲ್ಲದೆ ಕಟ್ಟಿದ ಚಿತ್ರವನ್ನು ಸಿಕ್ಕಲ್ಲಿ ಕತ್ತರಿಸಿ ಪಾಪ್‌ಕಾರ್ನ್ ಮಾರುತ್ತಾರೆ.

ಮುಂದಿನ ಸಲ ಹೋದಾಗ ಆಟ ಶುರುವಾಗುವ ಮೊದಲೇ ಮ್ಯಾನೇಜರ್ ಹತ್ತಿರ ಎರಡು ಮಾತು ಕೇಳಿ: ಫೇಡರ್ ಎಷ್ಟಿದೆ, 3ಡಿ ಗಾಜು ತೆಗೆದಿದ್ದೀರಾ. 6ಕ್ಕಾದರೂ ಏರಿಸಿ ಎಂದು ಪಟ್ಟು ಹಿಡಿಯಿರಿ. ಏನುತ್ತರ ಬಂತೆಂದು ಬರೆದು ಕಳುಹಿಸಿ. ಟಾಕೀಸಿನ ಹೆಸರು ಬಿಟ್ಟು ಅಚ್ಚು ಹಾಕುತ್ತೇವೆ.