ಗೋದಲಿ ಕಟ್ಟಿದರೂ ಮಕ್ಕಳಿಗೆ ಕ್ರಿಸ್‌ಮಸ್ ಹಬ್ಬದ ಅರ್ಥ ಮುಟ್ಟುತ್ತಿಲ್ಲ ಅಂದಿರಿ

ಗೋದಲಿಯಲ್ಲಿ (ಯೇಸು ಹುಟ್ಟಿದ ಕೊಟ್ಟಿಗೆಯ ಬೊಂಬೆ ಮಾದರಿ) ಎಲ್ಲವನ್ನೂ ಒಂದೇ ದಿನ ಇಟ್ಟುಬಿಟ್ಟರೆ ಮಕ್ಕಳಿಗೆ ಅದು ಬೊಂಬೆ ಪ್ರದರ್ಶನವಾಗಿಯೇ ಉಳಿಯುತ್ತೆ. ಡಿಸೆಂಬರ್ 24ರ ರಾತ್ರಿವರೆಗೆ ಮೇವಿನ ತೊಟ್ಟಿ ಖಾಲಿ ಇರಲಿ, ಒಣಹುಲ್ಲು ಮಾತ್ರ. ಮಕ್ಕಳು ಯಾರಿಗಾದರೂ ನೆರವಾದ ದಿನ ಒಣಹುಲ್ಲಿನ ಒಂದೊಂದು ಎಳೆ ಹಾಕಲಿ. ಆ ರಾತ್ರಿ ಬೈಬಲಿನ ಲೂಕ 2:7 ಓದಿ, ಕಿರಿಯ ಮಗುವಿನ ಕೈಯಿಂದಲೇ ಬಾಲಯೇಸುವನ್ನು ಮಲಗಿಸಿ. ತಂಗಲು ಜಾಗ ಸಿಗದವರ ಮಗುವಾಗಿ ದೇವರು ಬಂದ ಅನ್ನೋದೇ ಹಬ್ಬದ ತಿರುಳು. ಖಾಲಿ ತೊಟ್ಟಿ ಅದನ್ನು ಭಾಷಣವಿಲ್ಲದೆ ಹೇಳುತ್ತೆ.

ನಕ್ಷತ್ರ ನೋಡಿ ಮಗುವನ್ನು ಹುಡುಕಿ ಬಂದ ಜೋಯಿಸರ ಬೊಂಬೆಗಳನ್ನು ಮನೆಯ ಇನ್ನೊಂದು ಮೂಲೆಯಲ್ಲಿಟ್ಟು ದಿನಾ ಒಂದು ಗೇಣು ಸರಿಸಿ, ಅವರು ಬಂದದ್ದನ್ನು ನೆನೆಯುವ ಜನವರಿ 6ಕ್ಕೆ ಗೋದಲಿಗೆ ಮುಟ್ಟಿಸಿ. (ಅವರು ಮೂವರು ಅಂತ ಈ ಕಥೆ ಹೇಳುವ ಸುವಾರ್ತೆಯಲ್ಲಿ ಮತ್ತಾಯ ಎಲ್ಲೂ ಬರೆದಿಲ್ಲ, ಕಾಣಿಕೆಗಳು ಮೂರು ಅಷ್ಟೇ!) ಡಿಸೆಂಬರ್ 26ಕ್ಕೇ ಗೋದಲಿ ಬಿಚ್ಚಿದರೆ ಈ ಭಾಗವೇ ತಪ್ಪಿಹೋಗುತ್ತೆ.

ಆಗಮನ ಕಾಲದ (ಕ್ರಿಸ್‌ಮಸ್‌ಗೆ ಮುಂಚಿನ ನಾಲ್ಕು ಭಾನುವಾರಗಳ ಕಾಲ) ಹಸಿರು ಬಳೆಗೆ, ಅಂದರೆ ಎಲೆಗಳಿಂದ ಕಟ್ಟಿದ ದುಂಡು ಹಾರಕ್ಕೆ, ಭಾನುವಾರಕ್ಕೊಂದರಂತೆ ಹಚ್ಚಲು ನಾಲ್ಕು ಮೇಣದಬತ್ತಿ: ಮೂರು ನೇರಳೆ, ಒಂದು ಗುಲಾಬಿ. ಗುಲಾಬಿಯದು ಮೂರನೇ ಭಾನುವಾರಕ್ಕೆ. ಮೊದಲನೆಯದು ನವೆಂಬರ್ 30ಕ್ಕೆ ಹತ್ತಿರದ ಭಾನುವಾರ. ಡಿಸೆಂಬರ್‌ನ ಮೊದಲ ಭಾನುವಾರ ಅಂತ ಲೆಕ್ಕ ಹಿಡಿದರೆ ಕೆಲವು ವರ್ಷ ಒಂದು ವಾರ ತಪ್ಪಿಹೋಗುತ್ತೆ. ಮೊದಲ ಬತ್ತಿ ನಾಲ್ಕೂ ವಾರ ಉರಿಯಬೇಕು, ಹಾಗಾಗಿ ದಪ್ಪನೆಯದೇ ತನ್ನಿ. ಒಣಗಿದ ಎಲೆ ಬದಲಿಸುತ್ತಿರಿ, ಬೆಂಕಿ ಬೇಗ ಹಿಡಿಯುತ್ತೆ.