ಅಮೆರಿಕದಲ್ಲಿ ಬಂದೂಕಿನ ಹಕ್ಕಿಗೂ ಗಡಿ ಭದ್ರತೆಗೂ ಯಾಕೆ ಜಟಾಪಟಿ?

ಗಡಿ ಅಂದ ತಕ್ಷಣ ಅಲ್ಲಿ ಎಲ್ಲರೂ ಮೆಕ್ಸಿಕೊದಿಂದ ಬರುವ ಜನ, ಡ್ರಗ್ಸ್ ಬಗ್ಗೆಯೇ ಮಾತಾಡುತ್ತಾರೆ. ಆ ಕಡೆಗೆ ಹೋಗುವ ಬಂದೂಕುಗಳ ಮಾತು ಕಡಿಮೆ. ಜಟಾಪಟಿ ಇರುವುದು ಅಲ್ಲೇ.

ಮೆಕ್ಸಿಕೊದಲ್ಲಿ ಜನರಿಗೆ ಬಂದೂಕು ಮಾರುವ ಅಂಗಡಿಗಳು ಎರಡೇ ಎರಡು, ಅವೂ ಸೇನೆಯವು. ಹಾಗಾಗಿ ಅಲ್ಲಿನ ಗ್ಯಾಂಗುಗಳು ಅಪರಾಧದ ದಾಖಲೆ ಇಲ್ಲದ ಅಮೆರಿಕನ್ ಒಬ್ಬನಿಗೆ ದುಡ್ಡು ಕೊಟ್ಟು ಟೆಕ್ಸಾಸಿನದೋ ಅರಿಜೋನಾದ್ದೋ ಅಂಗಡಿಗೆ ಕಳಿಸುತ್ತವೆ, ಅವನು ‘ಇದು ನನಗೇ’ ಅಂತ ಫಾರಂ ತುಂಬಿ ಸಹಿ ಹಾಕಿ ರೈಫಲ್ ತಂದು ಅವರ ಕೈಗೆ ಕೊಡುತ್ತಾನೆ. ಆಮೇಲೆ ಅದು ಕಾರಿನ ಡಿಕ್ಕಿಯಲ್ಲಿ ಗಡಿ ದಾಟುತ್ತದೆ.

ತಡೆಯೋಕೆ ಯಾರ ಹತ್ತಿರ ಯಾವ ಬಂದೂಕು ಇದೆ ಅನ್ನೋ ಲೆಕ್ಕ ಬೇಕು, ಅಲ್ವಾ? ಆದರೆ ದೇಶಕ್ಕೆಲ್ಲ ಒಂದೇ ಬಂದೂಕು ಪಟ್ಟಿ ಮಾಡಬಾರದು ಅಂತ 1986ರ ಕಾನೂನು ಹೇಳುತ್ತದೆ. ಪಟ್ಟಿ ಇದ್ದರೆ ನಾಳೆ ಸರ್ಕಾರ ಬಂದು ಕಿತ್ತುಕೊಳ್ಳುತ್ತದೆ ಅನ್ನೋ ಭಯ ಅಲ್ಲಿ ನಿಜವಾದದ್ದು, ಸುಮ್ನೆ ತಳ್ಳಿಹಾಕುವಂಥದ್ದಲ್ಲ. 2011ರಲ್ಲಿ ಗಡಿಯ ನಾಲ್ಕು ರಾಜ್ಯಗಳಲ್ಲಿ, ಐದು ಕೆಲಸದ ದಿನದೊಳಗೆ ಒಬ್ಬನೇ ಕೆಲವು ಬಗೆಯ ಸೆಮಿ ಆಟೊಮ್ಯಾಟಿಕ್ (ಒಂದು ಗುಂಡು ಹಾರಿದ ಮೇಲೆ ಮುಂದಿನದನ್ನು ತಾನೇ ತುಂಬಿಕೊಳ್ಳುವ) ರೈಫಲ್ ಎರಡು ಅಥವಾ ಜಾಸ್ತಿ ಕೊಂಡರೆ ಅಂಗಡಿಯವರು ಸರ್ಕಾರಕ್ಕೆ ತಿಳಿಸಬೇಕು ಅಂತ ನಿಯಮ ತಂದರು. ಅಷ್ಟಕ್ಕೇ ವ್ಯಾಪಾರಿಗಳು ಕೋರ್ಟಿಗೆ ಹೋದರು. ಸೋತರು.

ಸರ್ಕಾರವೂ ದೊಡ್ಡ ತಪ್ಪು ಮಾಡಿತು. ಗ್ಯಾಂಗಿನ ದೊಡ್ಡವರನ್ನು ಹಿಡಿಯೋಣ ಅಂತ 2009ರಿಂದ ಅರಿಜೋನಾದಲ್ಲಿ ಅಧಿಕಾರಿಗಳು ಅನುಮಾನದ ಖರೀದಿಗಳನ್ನು ನೋಡಿಯೂ ಬಿಟ್ಟರು. ಸುಮಾರು 2,000 ಬಂದೂಕು ಹೀಗೆ ಹೋದವು. 2010ರ ಡಿಸೆಂಬರಿನಲ್ಲಿ ಗಡಿ ಕಾವಲಿನ ಬ್ರಯಾನ್ ಟೆರಿ ಗುಂಡಿಗೆ ಬಲಿಯಾದಾಗ, ಅದರಲ್ಲಿನ ಎರಡು ರೈಫಲ್ ಅಲ್ಲೇ ಸಿಕ್ಕವು.

ಬೇರೆಯವರಿಗಾಗಿ ಬಂದೂಕು ಕೊಳ್ಳುವುದನ್ನೇ ನೇರವಾಗಿ ಅಪರಾಧ ಅನ್ನುವ ಕೇಂದ್ರದ ಕಾನೂನು ಬಂದದ್ದು 2022ರಲ್ಲಿ.