‘ಯಾವ ದೇಶದವರು?’

ಪ್ರಶ್ನೆ: ನಾನು ಯಲ್ಲಾಪುರ ತಾಲ್ಲೂಕಿನ ಶಾಲೆಯೊಂದರಲ್ಲಿ ಶಿಕ್ಷಕಿ. ನಮ್ಮ ಏಳನೇ ತರಗತಿಯ ಸಿದ್ದಿ ಬಾಲಕಿಯನ್ನು ಈಗ ಯಾರೂ ಹಂಗಿಸುವುದಿಲ್ಲ. ಆದರೂ ಸ್ಪರ್ಧೆಗೆಂದು ಪೇಟೆಗೆ ಹೊರಡುವ ದಿನ ಹೊಟ್ಟೆನೋವೆಂದು ಮನೆಯಲ್ಲೇ ಉಳಿಯುತ್ತಾಳೆ. ಸುತ್ತಲಿನವರ ಸಹನೆಗೂ ಇಂಥ ಮಕ್ಕಳ ಆರೋಗ್ಯಕ್ಕೂ ಸಂಬಂಧವಿದೆಯೇ?

ಉತ್ತರ: ಇದೆ, ಆ ಹೊಟ್ಟೆನೋವನ್ನು ದಯವಿಟ್ಟು ನೆಪವೆಂದು ತಳ್ಳಿಹಾಕಬೇಡಿ. ಪೋರ್ಚುಗೀಸರ ಕಾಲದಲ್ಲಿ ಆಫ್ರಿಕಾದಿಂದ ಗುಲಾಮರಾಗಿ ಗೋವೆಗೆ ಬಂದು, ತಪ್ಪಿಸಿಕೊಂಡು ಕಾಡು ಸೇರಿದವರ ಸಂತತಿಯಾದ ಸಿದ್ದಿ ಸಮುದಾಯ ಯಲ್ಲಾಪುರ, ಹಳಿಯಾಳ, ಅಂಕೋಲಾ, ಮುಂಡಗೋಡ ಸೀಮೆಯಲ್ಲಿ ತಲೆಮಾರುಗಳಿಂದ ನೆಲೆಸಿದೆ. ಹಾಗಿದ್ದೂ ಬಸ್ಸಿನಲ್ಲಿ ಪಕ್ಕದವರು ಅವರ ಗುಂಗುರು ಕೂದಲನ್ನು ನೋಡಿ ‘ಯಾವ ದೇಶದವರು?’ ಎಂದು ಕೇಳುತ್ತಾರೆ. ಕೇಳಿದವರಿಗೆ ಅದು ಒಂದು ದಿನದ ಕುತೂಹಲ; ಆ ಹುಡುಗಿಗೋ ಪ್ರತಿ ಪ್ರಯಾಣದಲ್ಲೂ ತಾನು ಇದೇ ಮಣ್ಣಿನವಳೆಂದು ರುಜುವಾತುಪಡಿಸಬೇಕಾದ ಕೆಲಸ. ಯಾರು ನೋಡುತ್ತಾರೋ, ಏನು ಕೇಳುತ್ತಾರೋ ಎಂದು ಕಾಯುವ ಮನಸ್ಸು ದೇಹವನ್ನೂ ಬಿಗಿಹಿಡಿಯುತ್ತದೆ: ಎದೆ ಬಡಿದುಕೊಳ್ಳುತ್ತದೆ, ಹೊಟ್ಟೆ ಹಿಂಡುತ್ತದೆ, ನಿದ್ದೆ ಕೆಡುತ್ತದೆ.

2003ರಲ್ಲಿ ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು, 2020ರಲ್ಲಿ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡದ್ದು ದೊಡ್ಡ ಸಂಗತಿಗಳೇ. ಆದರೆ ತನ್ನನ್ನು ಕೀಳಾಗಿ ಕಂಡಾರೆಂಬ ಅಳುಕಿರುವವರು, ಕಾನೂನು ಏನೇ ಹೇಳಲಿ, ಜ್ವರ ನೆತ್ತಿಗೇರುವವರೆಗೂ ಆಸ್ಪತ್ರೆಯ ಮೆಟ್ಟಿಲು ಹತ್ತುವುದಿಲ್ಲ. ಹತ್ತಿದರೂ ವೈದ್ಯರೆದುರು ಬಾಯಿಬಿಟ್ಟು ಹೇಳಿಕೊಳ್ಳುವುದಿಲ್ಲ.

ನಾವು ಸಹಿಸಿಕೊಳ್ಳುವುದು ನೋವನ್ನು, ಸೆಕೆಯನ್ನು, ಸಾಲಗಾರರ ಕಾಟವನ್ನು. ‘ಸಹನೆ’ ಎಂಬ ಅದೇ ಮಾತನ್ನು ಮನುಷ್ಯರಿಗೆ ಬಳಸುವಾಗ ನನಗೆ ಕಸಿವಿಸಿಯಾಗುತ್ತದೆ. ಹಂಗಿಸದಿರುವುದು ಅಗತ್ಯ, ನಿಮ್ಮ ಶಾಲೆ ಅಷ್ಟನ್ನು ಸಾಧಿಸಿದ್ದಕ್ಕೆ ಸಂತೋಷ. ಆದರೆ ಬಿಸಿಯೂಟದ ಸಾಲಿನಲ್ಲಿ ಅವಳ ಪಕ್ಕದ ಜಾಗ ಖಾಲಿ ಉಳಿಯುತ್ತಿದೆಯೇ ಎಂಬುದನ್ನು ನಾಳೆಯೇ ಗಮನಿಸಿ.

ವಾರ್ಷಿಕೋತ್ಸವ ಬಂದಾಗಲೆಲ್ಲ ಸಿದ್ದಿಗಳ ಡಮಾಮಿ ನೃತ್ಯಕ್ಕಷ್ಟೇ ಅವಳನ್ನು ಕರೆಯಬೇಡಿ. ಬೆಳಗಿನ ಪ್ರಾರ್ಥನೆಯಲ್ಲಿ ಪತ್ರಿಕೆ ಓದುವ ಸರದಿಯೂ ಅವಳಿಗೆ ಬರಲಿ. ಒಂದು ಸಂಜೆ ಅವಳ ಮನೆಗೆ ಹೋಗಿ, ತಾಯಿಯ ಪಕ್ಕ ಕುಳಿತು ಆಕೆಯ ಮಾತು ಕೇಳಿ. ಹಳೆಯ ಸೀರೆ, ಅಂಗಿಗಳ ತುಂಡು ಜೋಡಿಸಿ ಕವದಿ ಹೊಲಿಯುತ್ತಿದ್ದರೆ ನೀವೂ ಸೂಜಿ ಹಿಡಿಯಿರಿ, ಮಾತು ಸಲೀಸಾಗುತ್ತದೆ. ಮುಂದಿನ ಬಾರಿ ಪೇಟೆಗೆ ಹೊರಡುವಾಗ ಅವಳೇ ಆರಿಸಿದ ಗೆಳತಿ ಬಸ್ಸಿನಲ್ಲಿ ಪಕ್ಕದಲ್ಲಿ ಕೂರಲಿ, ಯಾರಾದರೂ ಆ ಪ್ರಶ್ನೆ ಕೇಳಿದರೆ ‘ನಮ್ಮೂರಿನವಳು’ ಎಂದು ನೀವೇ ಮೊದಲು ಹೇಳಿ. ರಜೆಯ ದಿನಗಳಲ್ಲೂ ನೋವು ಕಾಣಿಸಿಕೊಂಡರೆ ಮಾತ್ರ ತಡಮಾಡದೆ ವೈದ್ಯರಿಗೆ ತೋರಿಸಿ, ಆಗಲೂ ಜೊತೆಗೆ ನೀವಿರಿ.